ಜಲ್ಲಿ ರಸ್ತೆಯಲ್ಲಿ ಬೈಕ್: ಅಲುಗಾಟಕ್ಕೆ ಹೆದರದೆ ಓಡಿಸುವುದು ಹೇಗೆ?

ಪ್ರಶ್ನೆ: ಕೆಲವು ವರ್ಷಗಳಿಂದ ಬೈಕ್ ಓಡಿಸುತ್ತಿದ್ದೇನೆ. ಡಾಂಬರು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಜಲ್ಲಿ ರಸ್ತೆ ಬಂದರೆ ಮಾತ್ರ ಕೈಕಾಲು ಬಿಗಿಯಾಗುತ್ತದೆ. ಮುಂದಿನ ಚಕ್ರ ಆ ಕಡೆ ಈ ಕಡೆ ಎಳೆಯುತ್ತದೆ, ಈಗ ಬಿದ್ದೆ ಆಗ ಬಿದ್ದೆ ಅನಿಸುತ್ತದೆ. ಹೋದ ತಿಂಗಳು ಒಂದು ತಿರುವಿನಲ್ಲಿ ಹೆದರಿ ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿ ಬಿದ್ದೇಬಿಟ್ಟೆ. ದೊಡ್ಡ ಪೆಟ್ಟಾಗಲಿಲ್ಲ, ಆದರೆ ಧೈರ್ಯ ಹೋಯಿತು. ಟೈರ್ ಬದಲಿಸಬೇಕಾ? ನಿಂತುಕೊಂಡು ಓಡಿಸಬೇಕು ಅಂತಾರೆ, ನಿಜವೇ? ಯಾವ ಬ್ರೇಕ್ ಹಿಡಿಯಬೇಕು? ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಂಥ ರಸ್ತೆಯಲ್ಲಿ ಯಾವಾಗ ಹೋಗಬಹುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯ ಒಟ್ಟಿಗೆ ಕಲೆತುಹೋಗಿವೆ. ಮುಂದಿನ ಚಕ್ರ ಅಲುಗಾಡುವುದು ಒಂದು, ತಿರುವಿನಲ್ಲಿ ಬಿದ್ದದ್ದು ಇನ್ನೊಂದು. ಚಕ್ರ ಅಲುಗಾಡಿತು, ಅದಕ್ಕೇ ಬಿದ್ದೆ ಎಂದು ನೀವು ಅಂದುಕೊಂಡಿದ್ದೀರಿ ಅನಿಸುತ್ತದೆ. ಅಲುಗಾಟ ನಿಮ್ಮನ್ನು ಬೀಳಿಸಿಲ್ಲ. ಅದಕ್ಕೆ ಹೆದರಿ ಹಿಡಿದ ಬ್ರೇಕ್ ಬೀಳಿಸಿತು. ಕಲಿಯಲು ಬಂದವರು ಜಲ್ಲಿಯಲ್ಲಿ ಬೀಳುವುದನ್ನು ಹತ್ತಿರದಿಂದ ನೋಡಿದ್ದೇನೆ, ಹೆಚ್ಚಿನ ಸಲ ಆಗುವುದು ಇದೇ. ಆದ್ದರಿಂದ ಮೊದಲು ಅಲುಗಾಟ ಎಂದರೇನು ಎಂದು ಹೇಳುತ್ತೇನೆ. ಅದು ಅರ್ಥವಾದರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಬೈಕಿನ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕೊಳವೆಗಳು, ನೆಟ್ಟಗೆ ಇರುವುದಿಲ್ಲ, ಓರೆಯಾಗಿರುತ್ತದೆ. ಹ್ಯಾಂಡಲ್ ತಿರುಗುವ ಅಕ್ಷದ ಗುಂಟ ನೆಲದವರೆಗೆ ಒಂದು ಗೆರೆ ಎಳೆದರೆ, ಅದು ಟೈರ್ ನೆಲಕ್ಕೆ ತಾಗುವ ಜಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ಮುಟ್ಟುತ್ತದೆ. ಹೆಚ್ಚಿನ ಬೈಕುಗಳಲ್ಲಿ ಈ ಅಂತರ ಸುಮಾರು 80ರಿಂದ 120 ಮಿಲಿಮೀಟರ್. ಇದನ್ನು ಟ್ರೇಲ್ ಎನ್ನುತ್ತಾರೆ. ಹೀಗಾಗಿ ಟೈರ್ ಯಾವಾಗಲೂ ಆ ಗೆರೆಯ ಹಿಂದೆಯೇ ಎಳೆಸಿಕೊಂಡು ಬರುತ್ತದೆ, ಸಾಮಾನು ತಳ್ಳುವ ಗಾಡಿಯ ಪುಟ್ಟ ಚಕ್ರ ತಾನಾಗಿಯೇ ತಿರುಗಿ ನೇರವಾಗುವ ಹಾಗೆ. ಕಲ್ಲೊಂದು ಟೈರನ್ನು ಬಲಕ್ಕೆ ತಳ್ಳಿದರೆ, ಮುಂದಿನ ಕ್ಷಣ ಟ್ರೇಲ್ ಅದನ್ನು ವಾಪಸ್ ಎಳೆದು ನೇರ ಮಾಡುತ್ತದೆ. ಚಕ್ರ ಜೋರಾಗಿ ಸುತ್ತುತ್ತಿರುವುದೂ ಇದಕ್ಕೆ ನೆರವಾಗುತ್ತದೆ. ಜಲ್ಲಿಯಲ್ಲಿ ಕಲ್ಲುಗಳು ಒಂದರ ಹಿಂದೆ ಒಂದು ತಳ್ಳುತ್ತಲೇ ಇರುತ್ತವೆ, ಚಕ್ರ ಸರಿಮಾಡಿಕೊಳ್ಳುತ್ತಲೇ ಇರುತ್ತದೆ. ನಿಮ್ಮ ಕೈಗೆ ತಿಳಿಯುವ ಅಲುಗಾಟ ಅಂದರೆ ಇಷ್ಟೇ. ಗಾಡಿ ತನ್ನನ್ನು ತಾನು ನೇರ ಮಾಡಿಕೊಳ್ಳುತ್ತಿದೆ.

ಈಗ ಕೈ ಬಿಗಿಯಾದಾಗ ಏನಾಗುತ್ತದೆ ನೋಡಿ. ಚಕ್ರ ಬಲಕ್ಕೆ ಹೋಯಿತು. ವಾಪಸ್ ಬರಬೇಕು ಅನ್ನುವಷ್ಟರಲ್ಲಿ ನಿಮ್ಮ ಮೊಣಕೈ ನೆಟ್ಟಗಾಗಿದೆ, ಭುಜ ಕಿವಿಯ ಹತ್ತಿರ ಬಂದಿದೆ, ಎರಡೂ ಮುಷ್ಟಿ ಗ್ರಿಪ್ಪನ್ನು ಹಿಂಡುತ್ತಿವೆ. ಹ್ಯಾಂಡಲ್ ಈಗ ಸ್ವತಂತ್ರವಾಗಿ ತಿರುಗುವುದಿಲ್ಲ, ನಿಮ್ಮ ಮೈಯ ಭಾರವನ್ನೂ ಹೊತ್ತುಕೊಂಡು ತಿರುಗಬೇಕು. ಚಕ್ರ ನೇರವಾಗುವುದು ತಡವಾಗುತ್ತದೆ. ಅಷ್ಟರಲ್ಲಿ ಗಾಡಿ ಸ್ವಲ್ಪ ವಾಲಿರುತ್ತದೆ, ನೀವು ಎಳೆದು ಸರಿ ಮಾಡಲು ಹೋಗುತ್ತೀರಿ, ಅದು ಇನ್ನೊಂದು ಕಡೆಗೆ ಜಾಸ್ತಿ ಹೋಗುತ್ತದೆ. ಎರಡು ಮೂರು ಸಲ ಹೀಗಾದರೆ ಸಣ್ಣ ಅಲುಗಾಟ ದೊಡ್ಡ ತೂಗಾಟವಾಗುತ್ತದೆ. ಆಗ ಸವಾರ ಆಕ್ಸಿಲರೇಟರ್ ಪೂರ್ತಿ ಬಿಡುತ್ತಾನೆ. ಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು ಅದು ಜಲ್ಲಿಯೊಳಗೆ ಹೂತುಕೊಳ್ಳುತ್ತದೆ. ಆಮೇಲೆ ಮುಂದಿನ ಬ್ರೇಕ್. ಇಷ್ಟೆಲ್ಲ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ಹಾಗಾಗಿ ಮೊದಲ ಪಾಠ ಕೈಯನ್ನು ಸಡಿಲ ಬಿಡುವುದು. ಸುಮ್ನೆ "ಸಡಿಲ ಬಿಡಿ" ಎಂದರೆ ಯಾರಿಗೂ ಆಗುವುದಿಲ್ಲ, ಏಕೆಂದರೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ಆ ಕೆಲಸವನ್ನು ಕಾಲಿಗೆ ಕೊಡಿ. ಎರಡೂ ಮೊಣಕಾಲಿನಿಂದ ಟ್ಯಾಂಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪಾದದ ಉಬ್ಬು ಫುಟ್‌ರೆಸ್ಟ್ ಮೇಲಿರಲಿ. ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ. ಮೊಣಕೈ ಮಡಚಿ, ಸ್ವಲ್ಪ ಹೊರಗೆ. ಈಗ ಮೈಯನ್ನು ಕಾಲು ಹಿಡಿದುಕೊಂಡಿದೆ, ಕೈಗೆ ಭಾರವಿಲ್ಲ. ನಿಜಕ್ಕೂ ಸಡಿಲವಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆ ಇದೆ. 25 ಕಿಲೋಮೀಟರ್ ವೇಗದಲ್ಲಿ ನೇರ ಹೋಗುತ್ತಿರುವಾಗ ಎರಡೂ ಮೊಣಕೈಯನ್ನು ಮೇಲೆ ಕೆಳಗೆ ಆಡಿಸಿ. ಹ್ಯಾಂಡಲ್ ಅಲುಗದೆ ಮೊಣಕೈ ಆಡಿದರೆ ಸರಿ. ಆಡದಿದ್ದರೆ ನೀವಿನ್ನೂ ಹ್ಯಾಂಡಲಿಗೆ ಜೋತುಬಿದ್ದಿದ್ದೀರಿ. ಉಸಿರು ಹಿಡಿದಿದ್ದೀರಾ ಎಂದೂ ಗಮನಿಸಿ. ಉಸಿರು ಕಟ್ಟಿದವರ ಕೈ ಎಂದೂ ಸಡಿಲವಾಗುವುದಿಲ್ಲ.

ಇನ್ನು ನಿಂತುಕೊಂಡು ಓಡಿಸುವ ವಿಷಯ. ನಿಂತರೆ ಗಾಡಿಯ ಭಾರಕೇಂದ್ರ ಕೆಳಗೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಅದು ತಪ್ಪು. ನೀವು ಎದ್ದು ನಿಂತರೆ ನಿಮ್ಮ ಭಾರ ಮೇಲೇ ಹೋಗುತ್ತದೆ, ಅಲ್ವಾ? ಲಾಭ ಬೇರೆ ಕಡೆ ಇದೆ. ಕೂತಾಗ ನೀವೂ ಗಾಡಿಯೂ ಒಂದೇ ಮುದ್ದೆ, ಗಾಡಿ ವಾಲಿದರೆ ನೀವೂ ವಾಲುತ್ತೀರಿ. ನಿಂತಾಗ ಗಾಡಿ ನಿಮ್ಮ ಕೆಳಗೆ ತನ್ನ ಪಾಡಿಗೆ ಆಡಬಹುದು, ನಿಮ್ಮ ಮೈ ಸ್ಥಿರವಾಗಿರುತ್ತದೆ. ಮೊಣಕಾಲು ಎರಡನೇ ಸಸ್ಪೆನ್ಷನ್ ಆಗುತ್ತದೆ. ಫುಟ್‌ರೆಸ್ಟನ್ನು ಒಂದು ಕಡೆ ಒತ್ತಿ ಗಾಡಿಯನ್ನು ತಿರುಗಿಸಲೂ ಆಗುತ್ತದೆ. ಕಣ್ಣು ಎತ್ತರಕ್ಕೆ ಹೋಗುವುದರಿಂದ ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ. ಇವೆಲ್ಲ ನಿಜವಾದ ಲಾಭಗಳು.

ಆದರೆ ಯಾವಾಗಲೂ ನಿಂತೇ ಓಡಿಸಬೇಕು ಎಂಬ ನಿಯಮ ಇಲ್ಲ. ನಿಂತಾಗ ಹ್ಯಾಂಡಲ್ ತೀರಾ ಕೆಳಗಿದ್ದರೆ ಬೆನ್ನು ಬಾಗಿ ಕೈ ಮೇಲೆ ಭಾರ ಬೀಳುತ್ತದೆ. ಆಗ ಕೂತಿದ್ದಕ್ಕಿಂತ ಕಷ್ಟ. ಮಾಮೂಲಿ ರಸ್ತೆ ಬೈಕುಗಳಲ್ಲಿ ಈ ತೊಂದರೆ ಜಾಸ್ತಿ. ಗಟ್ಟಿಯಾಗಿ ಕೂತ, ಮೇಲೆ ತೆಳುವಾಗಿ ಜಲ್ಲಿ ಹರಡಿದ ರಸ್ತೆಯಲ್ಲಿ ಆರಾಮಾಗಿ ಕೂತೇ ಹೋಗಿ. ದಪ್ಪ ಜಲ್ಲಿ, ಗುಂಡಿ, ದಿಣ್ಣೆ, ಅಲೆಅಲೆಯಾದ ರಸ್ತೆ ಬಂದಾಗ ಎದ್ದೇಳಿ. ಪೂರ್ತಿ ನಿಲ್ಲಲು ಧೈರ್ಯ ಬರದಿದ್ದರೆ ಸೀಟಿನಿಂದ ಒಂದು ಗೇಣು ಎದ್ದು ಭಾರವನ್ನು ಫುಟ್‌ರೆಸ್ಟ್ ಮೇಲೆ ಹಾಕಿ. ಅಷ್ಟರಿಂದಲೇ ಅರ್ಧ ಲಾಭ ಸಿಗುತ್ತದೆ. ನಿಲ್ಲುವುದನ್ನು ಮೊದಲು ಖಾಲಿ ಡಾಂಬರು ರಸ್ತೆಯಲ್ಲಿ ಕಲಿಯಿರಿ. ನಿಂತೇ ಗೇರ್ ಬದಲಿಸಿ, ನಿಂತೇ ಬ್ರೇಕ್ ಹಾಕಿ. ಜಲ್ಲಿಯಲ್ಲಿ ಮೊದಲ ಸಲ ನಿಂತಾಗ ಹಿಂದಿನ ಬ್ರೇಕ್ ಪೆಡಲ್ ಎಲ್ಲಿದೆ ಎಂದು ಹುಡುಕುವ ಹಾಗೆ ಆಗಬಾರದು.

ಒಂದು ಮಾತು ಬಿಟ್ಟುಹೋಗಬಾರದು: ಕಾಲು ಕೆಳಗೆ ಬಿಡಬೇಡಿ. ಹೆದರಿದ ಹೊಸಬರು ಎರಡೂ ಕಾಲನ್ನು ನೆಲಕ್ಕೆ ತಾಗಿಸಿಕೊಂಡು ಹೋಗುತ್ತಾರೆ. ನಿಲ್ಲುವ ಹೊತ್ತಿನಲ್ಲಿ ಸರಿ. 20ರ ವೇಗದಲ್ಲಿ ಪಾದ ಕಲ್ಲಿಗೆ ಸಿಕ್ಕಿಕೊಂಡು ಫುಟ್‌ರೆಸ್ಟ್ ಹಿಂದಿನಿಂದ ಹೊಡೆದರೆ ಪಾದದ ಕೀಲು ಮುರಿಯಬಹುದು. ಜೊತೆಗೆ ಕಾಲು ಕೆಳಗಿದ್ದರೆ ಹಿಂದಿನ ಬ್ರೇಕೂ ಇಲ್ಲ, ಟ್ಯಾಂಕಿನ ಹಿಡಿತವೂ ಇಲ್ಲ.

ರಸ್ತೆಯನ್ನು ಓದುವುದು ಅರ್ಧ ಕೆಲಸ. ಜಲ್ಲಿ ಎಂದರೆ ಎಲ್ಲವೂ ಒಂದೇ ಅಲ್ಲ. ಒಡೆದ ಜಲ್ಲಿಗೆ ಮೂಲೆಗಳಿರುತ್ತವೆ. ಪುಡಿಯೂ ಮಣ್ಣೂ ಸೇರಿದರೆ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗಿ ಕೂರುತ್ತದೆ, ಅದರ ಮೇಲೆ ಟೈರಿಗೆ ಒಳ್ಳೆಯ ಹಿಡಿತವಿರುತ್ತದೆ. ಹೊಳೆಯ ಉರುಟು ಕಲ್ಲು ಹಾಗಲ್ಲ, ಟೈರ್ ಕೆಳಗೆ ಉರುಳುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಹೊಸದಾಗಿ ಸುರಿದು ಇನ್ನೂ ರೋಲರ್ ಹೊಡೆಯದ ದಪ್ಪ ಜಲ್ಲಿ. ಅದರಲ್ಲಿ ಟೈರ್ ಮುಳುಗುತ್ತದೆ. ಸಣ್ಣ ಮಳೆ ಬಿದ್ದ ಮೇಲೆ ಜಲ್ಲಿ ರಸ್ತೆ ಒಣಗಿದ್ದಾಗ ಇರುವುದಕ್ಕಿಂತ ಚೆನ್ನಾಗಿರುತ್ತದೆ, ಪುಡಿ ಅಂಟಿಕೊಂಡು ಮೇಲ್ಮೈ ಬಿಗಿಯಾಗುತ್ತದೆ, ಧೂಳೂ ಇರುವುದಿಲ್ಲ. ಜೋರು ಮಳೆಯಲ್ಲಿ ಜಿಗುಟು ಮಣ್ಣು ಮೇಲೆ ಬಂದರೆ ಮಾತ್ರ ಬೇರೆ ಕಥೆ.

ಕಾರು, ಲಾರಿ ಓಡಾಡುವ ರಸ್ತೆಯಲ್ಲಿ ಚಕ್ರದ ಜಾಡು ಎರಡು ಗೆರೆಯಾಗಿ ಕಾಣುತ್ತದೆ. ಅಲ್ಲಿ ಸಡಿಲ ಕಲ್ಲು ಪಕ್ಕಕ್ಕೆ ಸರಿದು ನೆಲ ಗಟ್ಟಿಯಾಗಿರುತ್ತದೆ. ಬಣ್ಣದಲ್ಲೂ ವ್ಯತ್ಯಾಸ ಇರುತ್ತದೆ. ನಿಮ್ಮ ಬದಿಯ ಜಾಡು ಹಿಡಿದು ಹೋಗಿ. ಎರಡು ಜಾಡಿನ ನಡುವೆ, ಮತ್ತು ಅಂಚಿನಲ್ಲಿ, ಸಡಿಲ ಜಲ್ಲಿ ಉದ್ದಕ್ಕೆ ದಿಬ್ಬವಾಗಿ ಸೇರಿರುತ್ತದೆ. ಅದನ್ನು ದಾಟಲೇಬೇಕಾದರೆ ಹೀಗೆ ಮಾಡಿ. ಮೊದಲೇ ವೇಗ ಇಳಿಸಿ. ದಿಬ್ಬದ ಪಕ್ಕದಲ್ಲೇ ಸವರಿಕೊಂಡು ಹೋಗಬೇಡಿ, ಹಾಗೆ ಮಾಡಿದರೆ ಮುಂದಿನ ಚಕ್ರ ಅದರ ಇಳಿಜಾರಿನಲ್ಲಿ ಜಾರುತ್ತದೆ. ಸಾಧ್ಯವಾದಷ್ಟು ಅಡ್ಡಕ್ಕೆ ಹಾಯಿರಿ. ಗಾಡಿ ನೆಟ್ಟಗಿರಲಿ, ಬ್ರೇಕ್ ಮುಟ್ಟಬೇಡಿ, ಆಕ್ಸಿಲರೇಟರನ್ನು ಒಂದೇ ಸಮ ಹಿಡಿಯಿರಿ, ಆ ಕಡೆಯ ಜಾಡನ್ನೇ ನೋಡಿ. ಮುಂದಿನ ಚಕ್ರ ಒಮ್ಮೆ ಮುಳುಗಿ ಎದ್ದ ಹಾಗೆ ಅನಿಸುತ್ತದೆ. ಆಮೇಲೆ ಹಿಂದಿನ ಚಕ್ರ ಸೊಂಟವನ್ನು ಸ್ವಲ್ಪ ಅಲ್ಲಾಡಿಸುತ್ತದೆ. ಅಷ್ಟೇ, ದಾಟಿದಿರಿ.

ಕಣ್ಣು ಎಲ್ಲಿರುತ್ತದೋ ಗಾಡಿ ಅಲ್ಲಿಗೆ ಹೋಗುತ್ತದೆ. ಹೆದರಿದಾಗ ಎಲ್ಲರೂ ಮುಂದಿನ ಚಕ್ರದ ಕೆಳಗೇ ನೋಡುತ್ತಾರೆ. ಅಲ್ಲಿ ಕಾಣುವ ಕಲ್ಲಿಗೆ ಏನೂ ಮಾಡಲು ಆಗುವುದಿಲ್ಲ, ಅದು ಆಗಲೇ ಟೈರಿಗೆ ಸಿಕ್ಕಿದೆ. ಕನಿಷ್ಠ ನಾಲ್ಕೈದು ಸೆಕೆಂಡಿನಲ್ಲಿ ನೀವು ತಲುಪುವ ಜಾಗವನ್ನು ನೋಡಿ. 30ರ ವೇಗದಲ್ಲಿ ಅದು ಸುಮಾರು 35–40 ಮೀಟರ್ ಮುಂದೆ. ಹತ್ತಿರದ್ದನ್ನು ಕಣ್ಣಿನ ಅಂಚು ನೋಡಿಕೊಳ್ಳುತ್ತದೆ.

ಈಗ ಬ್ರೇಕ್. ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಒಣ ಡಾಂಬರಿನಲ್ಲಿ ಟೈರಿನ ಹಿಡಿತವನ್ನು ಅಳೆಯುವ ಅಂಕಿ ಸುಮಾರು 0.8. ಸಡಿಲ ಜಲ್ಲಿಯಲ್ಲಿ ಅದು 0.4ರ ಆಸುಪಾಸು, ಅಂದರೆ ಅರ್ಧ. 40ರ ವೇಗದಲ್ಲಿ ಚೆನ್ನಾಗಿ ಬ್ರೇಕ್ ಹಾಕಿದರೆ ಡಾಂಬರಿನಲ್ಲಿ ಸುಮಾರು 8 ಮೀಟರಿಗೆ ನಿಲ್ಲಬಹುದು, ಇಂಥ ಜಲ್ಲಿಯಲ್ಲಿ 16 ಮೀಟರ್ ಬೇಕು. 60ರಲ್ಲಿ 18 ಮೀಟರ್ ಇದ್ದದ್ದು 35 ಆಗುತ್ತದೆ. ಅಪಾಯ ಕಂಡು ಬೆರಳು ಲಿವರಿಗೆ ಹೋಗುವ ಹೊತ್ತು ಇದರ ಮೇಲೆ ಬೇರೆ. ಈ ಲೆಕ್ಕದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಅಂಕಿ ಒಂದಿದೆ. ಜಲ್ಲಿಯಲ್ಲಿ 28ರಲ್ಲಿ ಹೋದರೆ, ಡಾಂಬರಿನಲ್ಲಿ 40ರಲ್ಲಿ ಹೋದಾಗ ಬೇಕಾದಷ್ಟೇ ದೂರದಲ್ಲಿ ನಿಲ್ಲಬಹುದು. ವೇಗವನ್ನು ಅರ್ಧಕ್ಕೆ ಇಳಿಸುವುದೂ ಬೇಡ, ಮೂರರಲ್ಲಿ ಒಂದು ಭಾಗ ಇಳಿಸಿದರೆ ಸಾಕು.

ಮುಂದಿನ ಬ್ರೇಕ್ ಮುಟ್ಟಲೇಬೇಡಿ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದನ್ನು ಒಪ್ಪಬೇಡಿ. ಜಲ್ಲಿಯಲ್ಲೂ ಗಾಡಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದೆಯೇ ಇದೆ. ಬರೀ ಹಿಂದಿನ ಬ್ರೇಕ್ ನಂಬಿದರೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಹಿಡಿಯುವ ರೀತಿ ಮಾತ್ರ ಬದಲಾಗಬೇಕು. ಎರಡೇ ಬೆರಳು ಲಿವರ್ ಮೇಲಿರಲಿ. ಮೊದಲು ಲಿವರಿನ ಸಡಿಲು ಮಾತ್ರ ತೆಗೆಯಿರಿ, ಪ್ಯಾಡ್ ಡಿಸ್ಕಿಗೆ ತಾಗುವಷ್ಟು. ಆಗ ಫೋರ್ಕ್ ಸ್ವಲ್ಪ ಕೆಳಗಿಳಿಯುತ್ತದೆ, ಭಾರ ಮುಂದಿನ ಟೈರಿಗೆ ಬರುತ್ತದೆ. ಭಾರ ಬಂದ ಮೇಲೆ ಟೈರಿಗೆ ಹಿಡಿತ ಹೆಚ್ಚು, ಆಗ ಇನ್ನೂ ಸ್ವಲ್ಪ ಒತ್ತಿ. ಭಾರ ಬರುವ ಮೊದಲೇ ಗಬಕ್ಕನೆ ಹಿಡಿದರೆ ಗಾಡಿ ಓಡುತ್ತಿರುವಾಗಲೇ ಚಕ್ರ ಸುತ್ತುವುದು ನಿಂತುಹೋಗುತ್ತದೆ. ನಿಂತ ಮುಂದಿನ ಚಕ್ರಕ್ಕೆ ದಿಕ್ಕು ಹಿಡಿಯುವ ಶಕ್ತಿ ಇರುವುದಿಲ್ಲ, ಗಾಡಿ ಕ್ಷಣದಲ್ಲಿ ಪಕ್ಕಕ್ಕೆ ಮಲಗುತ್ತದೆ. ಚಕ್ರ ನಿಂತಿತು ಅನಿಸಿದ ಕೂಡಲೇ ಬೆರಳು ಬಿಡಿ. ಚಕ್ರ ಮತ್ತೆ ಉರುಳಿದರೆ ಗಾಡಿ ಎದ್ದು ನಿಲ್ಲುತ್ತದೆ, ಆಮೇಲೆ ಮತ್ತೆ ಮೆಲ್ಲಗೆ ಹಿಡಿಯಿರಿ.

ನೀವು ಬಿದ್ದದ್ದು ತಿರುವಿನಲ್ಲಿ. ಅಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಟೈರಿನ ಹತ್ತಿರ ಇರುವ ಹಿಡಿತ ಒಂದೇ, ಅದನ್ನು ತಿರುಗುವುದಕ್ಕೂ ಬ್ರೇಕಿಗೂ ಹಂಚಬೇಕು. ಜಲ್ಲಿಯಲ್ಲಿ ಆ ಹಿಡಿತ ಮೊದಲೇ ಅರ್ಧ. ಅದರಲ್ಲಿ ಹೆಚ್ಚಿನ ಪಾಲು ತಿರುಗುವುದಕ್ಕೇ ಹೋಗಿತ್ತು, ಬ್ರೇಕಿಗೆ ಉಳಿದದ್ದು ಏನೂ ಇಲ್ಲ. ಆದ್ದರಿಂದ ವೇಗ ಇಳಿಸುವ ಕೆಲಸವೆಲ್ಲ ಗಾಡಿ ನೆಟ್ಟಗಿರುವಾಗಲೇ, ತಿರುವಿಗೆ ಮೊದಲೇ ಮುಗಿಯಬೇಕು. ತಿರುವಿನೊಳಗೆ ಹೋದ ಮೇಲೆ ವೇಗ ಜಾಸ್ತಿ ಅನಿಸಿದರೆ ಗಾಡಿಯನ್ನು ಸ್ವಲ್ಪ ನೆಟ್ಟಗೆ ಮಾಡಿ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ, ಮುಂದಿನದನ್ನು ಮುಟ್ಟಬೇಡಿ.

ಹಿಂದಿನ ಚಕ್ರ ಜಾರುವುದು ಮುಂದಿನದು ಜಾರಿದಷ್ಟು ಅಪಾಯವಲ್ಲ. ಇದನ್ನು ಓದಿ ನಂಬುವುದು ಕಷ್ಟ, ಮೈಗೇ ಗೊತ್ತಾಗಬೇಕು. ಅದಕ್ಕೆ ನಾನು ಕಲಿಸುವ ಮೊದಲ ಅಭ್ಯಾಸವೇ ಬೇಕೆಂದೇ ಹಿಂದಿನ ಚಕ್ರ ಜಾರಿಸುವುದು. ಸಮತಟ್ಟಾದ, ಅಗಲವಾದ, ಯಾರೂ ಓಡಾಡದ ಜಲ್ಲಿ ಜಾಗ ಹುಡುಕಿ. 20ರ ವೇಗದಲ್ಲಿ ನೇರ ಹೋಗಿ. ಕ್ಲಚ್ ಒತ್ತಿ, ಹಿಂದಿನ ಬ್ರೇಕನ್ನು ಚಕ್ರ ನಿಲ್ಲುವವರೆಗೆ ಒತ್ತಿ. ಜಲ್ಲಿ ಕರಕರ ಅನ್ನುತ್ತದೆ, ಹಿಂಭಾಗ ಒಂದು ಕಡೆ ಸ್ವಲ್ಪ ಸರಿಯುತ್ತದೆ. ನೀವು ಮುಂದೆ ನೋಡುತ್ತಾ ಇದ್ದರೆ ಗಾಡಿ ಹೆಚ್ಚುಕಡಿಮೆ ನೇರವಾಗಿಯೇ ನಿಲ್ಲುತ್ತದೆ. ಮತ್ತೆ ಮಾಡಿ. ಎಡಕ್ಕೆ ಸರಿದಾಗ, ಬಲಕ್ಕೆ ಸರಿದಾಗ ಹೇಗಿರುತ್ತದೆ ನೋಡಿ. ಬೇಜಾರು ಬರುವಷ್ಟು ಮಾಡಿ. ಹಿಂಭಾಗ ಸರಿದರೂ ಏನೂ ಆಗುವುದಿಲ್ಲ ಎಂದು ಮೈ ಒಪ್ಪಿಕೊಂಡ ದಿನ ನಿಮ್ಮ ಭುಜ ತಾನಾಗಿಯೇ ಕೆಳಗಿಳಿಯುತ್ತದೆ. ಆಮೇಲೆ ಅದೇ ಜಾಗದಲ್ಲಿ 15ರ ವೇಗದಲ್ಲಿ ಬರೀ ಮುಂದಿನ ಬ್ರೇಕಿನಿಂದ ನಿಲ್ಲುವುದನ್ನು ಕಲಿಯಿರಿ. ಇಲ್ಲಿ ಚಕ್ರ ನಿಲ್ಲಿಸುವುದು ಗುರಿ ಅಲ್ಲ. ಎಷ್ಟು ಒತ್ತಿದರೆ ಟೈರ್ ಕೆಳಗೆ ಕಲ್ಲು ಸರಿಯುವ ಸದ್ದು ಶುರುವಾಗುತ್ತದೆ ಎಂದು ಬೆರಳಿಗೆ ಗೊತ್ತಾಗಬೇಕು. ಕೊನೆಗೆ ಎರಡೂ ಬ್ರೇಕ್ ಸೇರಿಸಿ, ನೆಲದ ಮೇಲೆ ಗುರುತಿಟ್ಟು, ಅಲ್ಲಿಗೇ ನಿಲ್ಲಿಸಿ. ವೇಗವನ್ನು ಐದೈದು ಕಿಲೋಮೀಟರಿನಂತೆ ಏರಿಸಿ.

ಗಾಡಿಯಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಒಂದು ವಿಷಯ ಗೊತ್ತಿರಲಿ. ದಪ್ಪ ಜಲ್ಲಿಯಲ್ಲಿ ನಿಂತ ಚಕ್ರ ತನ್ನ ಮುಂದೆ ಕಲ್ಲನ್ನು ಗುಡ್ಡೆ ಹಾಕಿಕೊಂಡು ನಿಲ್ಲಲು ನೆರವಾಗುತ್ತದೆ. ಎಬಿಎಸ್ ಚಕ್ರವನ್ನು ನಿಲ್ಲಲು ಬಿಡುವುದಿಲ್ಲ, ಹಾಗಾಗಿ ನಿಲ್ಲುವ ದೂರ ಕೆಲವು ಸಲ ಜಾಸ್ತಿಯಾಗುತ್ತದೆ. ಇದಕ್ಕಾಗಿಯೇ ಕೆಲವು ಬೈಕುಗಳಲ್ಲಿ ಹಿಂದಿನ ಎಬಿಎಸ್ ಬಂದ್ ಮಾಡುವ ಸ್ವಿಚ್ ಕೊಡುತ್ತಾರೆ. ನಿಮ್ಮ ಗಾಡಿಯಲ್ಲಿ ಇದ್ದರೆ ಜಲ್ಲಿಯಲ್ಲಿ ಹಿಂದಿನದನ್ನು ಬಂದ್ ಮಾಡಿ, ಮುಂದಿನದು ಇರಲಿ. ಮುಂದಿನ ಚಕ್ರ ನಿಂತು ಬೀಳುವುದಕ್ಕಿಂತ ನಾಲ್ಕು ಮೀಟರ್ ಮುಂದೆ ಹೋಗಿ ನಿಲ್ಲುವುದು ಒಳ್ಳೆಯದು. ಡಾಂಬರಿಗೆ ಬಂದ ಮೇಲೆ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ.

ತಿರುವಿನಲ್ಲಿ ಮೈ ಹೇಗಿರಬೇಕು ಎಂಬುದು ಡಾಂಬರಿಗೆ ತದ್ವಿರುದ್ಧ. ಅಲ್ಲಿ ಗಾಡಿಯ ಜೊತೆಗೇ ಒಳಗಡೆ ವಾಲುತ್ತೇವೆ. ಜಲ್ಲಿಯಲ್ಲಿ ಗಾಡಿಯನ್ನು ಮಾತ್ರ ವಾಲಿಸಿ, ನಿಮ್ಮ ಮೈ ನೆಟ್ಟಗೆ, ಸ್ವಲ್ಪ ಹೊರಗಡೆಗೇ ಇರಲಿ. ಹೊರಗಿನ ಫುಟ್‌ರೆಸ್ಟನ್ನು ಪಾದದಿಂದ ಗಟ್ಟಿಯಾಗಿ ಒತ್ತಿ. ಎಡ ತಿರುವಾದರೆ ಬಲಗಾಲು, ಬಲ ತಿರುವಾದರೆ ಎಡಗಾಲು. ಹೀಗೆ ಇದ್ದರೆ ಟೈರ್ ಸ್ವಲ್ಪ ಜಾರಿದರೂ ನೀವು ಅದರ ಜೊತೆ ಬೀಳುವುದಿಲ್ಲ, ನಿಮ್ಮ ಕಾಲಿನ ಕೆಳಗೆ ಗಾಡಿ ಸರಿದು ಮತ್ತೆ ಹಿಡಿತ ಸಿಕ್ಕಾಗ ಸರಿಹೋಗುತ್ತದೆ. ಕೂತು ತಿರುಗುವುದಾದರೆ ಟ್ಯಾಂಕಿನ ಹತ್ತಿರ ಮುಂದಕ್ಕೆ ಸರಿದು ಕೂರಿ, ಮುಂದಿನ ಟೈರಿಗೆ ಭಾರ ಬೇಕು. ಆಕ್ಸಿಲರೇಟರ್ ಒಂದೇ ಸಮ ಇರಲಿ, ತಿರುವಿನ ಅರ್ಧ ದಾಟಿದ ಮೇಲೆ ಕೂದಲೆಳೆಯಷ್ಟು ಹೆಚ್ಚಿಸಿ. ವೇಗ ಎಷ್ಟಿರಬೇಕು? ಇಪ್ಪತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೇಲೆ ಹೇಳಿದ ಹಿಡಿತದ ಲೆಕ್ಕ ಹಾಕಿದರೆ ಡಾಂಬರಿನ ಮಿತಿ ಸುಮಾರು 45, ಜಲ್ಲಿಯ ಮಿತಿ 32. ಅದು ಜಾರುವ ಅಂಚಿನ ವೇಗ, ನೀವು ಹೋಗಬೇಕಾದದ್ದಲ್ಲ. ಅಂಥ ತಿರುವಿನಲ್ಲಿ 20 ಸಾಕು.

ಆಚೆ ಕಾಣದ ತಿರುವಿನಲ್ಲಿ ಗಟ್ಟಿ ಜಾಡು ರಸ್ತೆಯ ನಡುವೆ ಇದ್ದರೂ ಅದರ ಆಸೆಗೆ ಎದುರಿನವರ ಬದಿಗೆ ಹೋಗಬೇಡಿ. ಎದುರಿನಿಂದ ಬರುವ ಡ್ರೈವರಿಗೂ ಅದೇ ಜಾಡು ಬೇಕಾಗಿರುತ್ತದೆ. ನಿಮ್ಮ ಬದಿಯ ಸಡಿಲ ಜಲ್ಲಿಯಲ್ಲೇ ನಿಧಾನವಾಗಿ ಹೋಗಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇಳಿಜಾರಿನಲ್ಲಿ ಕ್ಲಚ್ ಒತ್ತಿಕೊಂಡು ಇಳಿಯಬೇಡಿ. ಮೊದಲ ಅಥವಾ ಎರಡನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಹಿಂದಿನ ಚಕ್ರ ನಿಲ್ಲದೆ ನಿಧಾನವಾಗುತ್ತದೆ. ಅದಕ್ಕೆ ಹಿಂದಿನ ಬ್ರೇಕ್ ಸ್ವಲ್ಪ, ನೇರ ಇರುವ ಕಡೆ ಮುಂದಿನದು ಸ್ವಲ್ಪ ಸೇರಿಸಿ. ಏರಿನಲ್ಲಿ ಕೆಳಗಿನಿಂದಲೇ ಎರಡನೇ ಗೇರಿನಲ್ಲಿ ಒಂದೇ ಸಮ ವೇಗ ಇಟ್ಟುಕೊಂಡು, ಮುಂದಕ್ಕೆ ಬಾಗಿ ಹತ್ತಿ. ನಡುವೆ ಇಂಜಿನ್ ಆಫ್ ಆದರೆ ಗಾಬರಿಯಿಂದ ಕ್ಲಚ್ ಒತ್ತಬೇಡಿ. ಏರಿನಲ್ಲಿ ಮುಂದಿನ ಚಕ್ರಕ್ಕೆ ಭಾರ ಕಡಿಮೆ, ಬರೀ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಹಿಂದಕ್ಕೆ ಜಾರಬಹುದು. ಗೇರಿನಲ್ಲೇ ಇದ್ದು ಕ್ಲಚ್ ಬಿಟ್ಟಿದ್ದರೆ ಇಂಜಿನ್ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ನಿಧಾನವಾಗಿ ಕಾಲೂರಿ, ಉಸಿರು ತೆಗೆದುಕೊಂಡು, ಮುಂದೇನು ಮಾಡಬೇಕೆಂದು ಯೋಚಿಸಿ.

ಅಲೆಅಲೆಯಾದ ರಸ್ತೆ ಸಿಕ್ಕೇ ಸಿಗುತ್ತದೆ. ಇದು ಯಾಕೆ ಹಾಗಾಗುತ್ತದೆ ಎಂದು ಭೌತವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಮಾರಿಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ತಿರುಗುವ ಮರಳಿನ ಹಾಸಿನ ಮೇಲೆ ಒಂದು ಸಣ್ಣ ಚಕ್ರ ಉರುಳಿಸಿದರು. ಒಂದು ಮಿತಿಗಿಂತ ನಿಧಾನವಾದರೆ ಹಾಸು ನುಣುಪಾಗಿಯೇ ಉಳಿಯಿತು. ಮಿತಿ ದಾಟಿದರೆ ಅಲೆ ಎದ್ದಿತು. ಚಕ್ರಕ್ಕೆ ಸ್ಪ್ರಿಂಗ್ ಇಲ್ಲದಿದ್ದರೂ ಅಲೆ ಎದ್ದಿತು. ಅಂದರೆ ಗಾಡಿಗಳು ಸಾಮಾನ್ಯ ವೇಗದಲ್ಲಿ ಓಡಾಡುವ ಯಾವ ಜಲ್ಲಿ ರಸ್ತೆಯೂ ಇದರಿಂದ ತಪ್ಪಿಸಿಕೊಳ್ಳಲಾರದು. ಅಲೆಯ ಮೇಲೆ ಹೋಗುವಾಗ ಟೈರ್ ಆಗಾಗ ನೆಲ ಬಿಟ್ಟು ಏಳುತ್ತದೆ, ಹಾಗಾಗಿ ಅಲ್ಲಿ ಬ್ರೇಕ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಗಾಡಿ ಪಕ್ಕಕ್ಕೆ ಸರಿಯುತ್ತದೆ. ಜೋರಾಗಿ ಹೋದರೆ ಕುಲುಕಾಟ ಕಡಿಮೆಯಾಗುತ್ತದೆ ಎನ್ನುತ್ತಾರೆ. ಅದು ನಿಜವೇ, ಆದರೆ ಆ ವೇಗದಲ್ಲಿ ತಿರುಗಲೂ ನಿಲ್ಲಲೂ ಆಗುವುದಿಲ್ಲ. ನೀವು ನಿಧಾನವಾಗಿ, ಎದ್ದು ನಿಂತು, ಅಲೆ ತೆಳುವಾಗಿರುವ ಅಂಚನ್ನು ಹುಡುಕಿಕೊಂಡು ಹೋಗಿ.

ಟೈರಿನ ಪ್ರಶ್ನೆಗೆ ನನ್ನ ಉತ್ತರ: ಈಗ ಬೇಡ. ಇರುವ ಟೈರಿನ ಮೇಲಿನ ಗೀರುಗಳು ಸವೆಯದೆ ಚೆನ್ನಾಗಿದ್ದರೆ ಅದರಲ್ಲೇ ಕಲಿಯಿರಿ. ಬಟನ್ ಟೈರ್ (ಮೇಲೆ ದಪ್ಪ ಗುಬುಟುಗಳಿರುವ ಟೈರ್) ಮಣ್ಣಿನಲ್ಲಿ, ಕೆಸರಿನಲ್ಲಿ ದೊಡ್ಡ ವ್ಯತ್ಯಾಸ ತರುತ್ತದೆ. ಗಟ್ಟಿ ನೆಲದ ಮೇಲೆ ಸಡಿಲ ಕಲ್ಲು ಹರಡಿದ ರಸ್ತೆಯಲ್ಲಿ ಜನ ಅಂದುಕೊಂಡಷ್ಟು ಅಲ್ಲ. ಟೈರಿನ ಗಾಳಿ ಮಾತ್ರ ನೋಡಿಕೊಳ್ಳಿ. ಟೈರ್ ತಣ್ಣಗಿರುವಾಗ ಅಳೆಯಿರಿ. ಕೈಪಿಡಿಯಲ್ಲಿ 30 ಪಿಎಸ್ಐ ಎಂದಿದ್ದರೆ ಉದ್ದದ ಜಲ್ಲಿ ರಸ್ತೆಗೆ 25ಕ್ಕೆ ಇಳಿಸಬಹುದು. ಟೈರ್ ಸ್ವಲ್ಪ ಮೆತ್ತಗಾಗಿ ನೆಲಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ, ಕಲ್ಲಿನ ಮೇಲೆ ಪುಟಿಯುವುದು ಕಡಿಮೆಯಾಗುತ್ತದೆ. 22ಕ್ಕಿಂತ ಕೆಳಗೆ ಹೋಗಬೇಡಿ. ಚೂಪು ಕಲ್ಲಿಗೆ ಹೊಡೆದು ಅಲಾಯ್ ರಿಮ್ ಬೆಂಡಾಗುತ್ತದೆ, ಟ್ಯೂಬ್ ಇದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ. ಸಣ್ಣ ಪಂಪ್ ಜೊತೆಗಿರಲಿ, ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿ. ಸಾಮಾನು ಇದ್ದರೆ ಕೆಳಗೆ, ಆದಷ್ಟು ಮುಂದಕ್ಕೆ ಕಟ್ಟಿ. ಹಿಂದಿನ ತುದಿಯಲ್ಲಿ ಭಾರ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಇನ್ನಷ್ಟು ಅಲೆದಾಡುತ್ತದೆ.

ಅಭ್ಯಾಸಕ್ಕೆ ಹೋಗುವಾಗ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಗ್ಲೌಸ್, ಮೊಣಕಾಲಿನ ಗಾರ್ಡ್, ಪಾದದ ಕೀಲು ಮುಚ್ಚುವ ಬೂಟು ಬೇಕೇ ಬೇಕು. ನಿಧಾನದಲ್ಲಿ ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಅಂಗೈ ಮತ್ತು ಮೊಣಕಾಲು. ಮುಂದೆ ವಾಹನ ಇದ್ದರೆ ಅದರ ಧೂಳು ಇಳಿಯುವಷ್ಟು ಹಿಂದೆ ಉಳಿಯಿರಿ. ಜೊತೆಯವರು ಮುಂದೆ ಹೋದರೆ ಹೋಗಲಿ, ಮುಂದಿನ ಕವಲಿನಲ್ಲಿ ಕಾಯಲು ಹೇಳಿ.

ಕೊನೆಯ ಪ್ರಶ್ನೆ, ಹಿಂದೆ ಕೂರಿಸಿಕೊಳ್ಳುವುದು. ಹಿಂದೆ ಒಬ್ಬರು ಕೂತರೆ ಭಾರ ಹಿಂದಕ್ಕೆ ಹೋಗಿ ಮುಂದಿನ ಟೈರಿನ ಹಿಡಿತ ಕಡಿಮೆಯಾಗುತ್ತದೆ. ನೀವು ಎದ್ದು ನಿಲ್ಲುವುದು ಕಷ್ಟ, ಮುಂದಕ್ಕೆ ಸರಿಯುವುದೂ ಕಷ್ಟ. ಹಾಗಾಗಿ ಮೊದಲು ಅದೇ ರಸ್ತೆಯಲ್ಲಿ ಒಬ್ಬರೇ ಹೋಗಿ ಬನ್ನಿ. ದಾರಿಯುದ್ದಕ್ಕೂ ಮೊಣಕೈ ಪರೀಕ್ಷೆ ಪಾಸಾಗಬೇಕು, 40ರ ವೇಗದಿಂದ ಗುರುತಿಟ್ಟ ಜಾಗದಲ್ಲಿ ಚಕ್ರ ಜಾರಿಸದೆ ನಿಲ್ಲಲು ಬರಬೇಕು. ಅಲ್ಲಿಯವರೆಗೆ ಬೇಡ. ಆಮೇಲೆ ಕೂರಿಸಿಕೊಂಡಾಗ ಗಾಳಿ ಇಳಿಸಬೇಡಿ, ಕೈಪಿಡಿಯಲ್ಲಿ ಇಬ್ಬರಿಗೆ ಹೇಳಿದಷ್ಟು ಇರಲಿ. ಹಿಂದಿನ ಸಸ್ಪೆನ್ಷನ್ ಒಂದೆರಡು ಹಂತ ಬಿಗಿ ಮಾಡಿಸಿ. ಹಿಂದೆ ಕೂತವರು ನಿಮ್ಮ ಭುಜ ಹಿಡಿಯುವುದು ಬೇಡ, ಅವರು ಅಲುಗಿದಾಗಲೆಲ್ಲ ಹ್ಯಾಂಡಲ್ ಅಲುಗುತ್ತದೆ. ಸೊಂಟವನ್ನೋ ಗಾಡಿಯ ಹಿಡಿಯನ್ನೋ ಹಿಡಿಯಲಿ. ಗಾಡಿ ಅಲುಗಾಡುತ್ತದೆ, ಅದು ಸಹಜ ಎಂದು ಹೊರಡುವ ಮೊದಲೇ ಅವರಿಗೆ ಹೇಳಿಡಿ. ಹೊಸದಾಗಿ ಸುರಿದ ದಪ್ಪ ಜಲ್ಲಿ ಅಥವಾ ಕಡಿದಾದ ಇಳಿಜಾರು ಬಂದರೆ ಅವರನ್ನು ಇಳಿಸಿ. ಅವರು ಅಂಚಿನಲ್ಲಿ ನಡೆದು ಬರಲಿ, ನೀವು ಆಚೆ ದಾಟಿ ಕಾಯಿರಿ.